ಕೂಸಿಗೆ ಎರೆಯುವ ಕಾಲು

ಸಿರುಗುಪ್ಪದ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಎರೆದವರು ನಮ್ಮತ್ತೆ ಚನ್ನವೀರಮ್ಮ. ಬಾಣಂತಿಯ ಮನೆಯವರು ಬಂದು ಕರೆಯುವುದಷ್ಟೇ ತಡ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟುಬಿಡುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿ ಕುಳಿತು, ಎರಡೂ ಕಾಲು ಮುಂದಕ್ಕೆ ಚಾಚಿ, ಕೂಸನ್ನು ಕಾಲ ಮೇಲೆ ಉದ್ದಕ್ಕೆ ಮಲಗಿಸಿ, ಎಣ್ಣೆ ಹಚ್ಚಿ ನೀವಿ, ಮೂಗು ತಿದ್ದಿ, ಬಿಸಿನೀರು ಹೊಯ್ದು, ಲೋಬಾನದ ಹೊಗೆ ಹಿಡಿದು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕೊಟ್ಟರೆಂದರೆ ಆ ಕೂಸು ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ. ಯಾರ ಮನೆ, ಯಾವ ಜಾತಿ ಎಂದು ಅವರು ಕೇಳಿದವರಲ್ಲ. ಎಣ್ಣೆ ಹಚ್ಚಿದ ಮೇಲೆ ಎಲ್ಲ ಕೂಸೂ ಒಂದೇ ಥರ ಜಾರುತ್ತವೆ ಎನ್ನುತ್ತಿದ್ದರು. ಎಲೆ-ಅಡಿಕೆ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ನಾನು ಅವರ ಸೊಸೆ ಶಿವಬಸಮ್ಮ, ಇದೇ ಊರಿನ ಪ್ರಾಥಮಿಕ ಶಾಲೆಯ ಟೀಚರು. ಅರವತ್ತು ಮಕ್ಕಳನ್ನು ಒಂದೇ ಗದರಿಕೆಗೆ ಸುಮ್ಮನಾಗಿಸಬಲ್ಲೆ. ಎಣ್ಣೆ ಹಚ್ಚಿದ ಒಂದು ಕೂಸನ್ನು ಹಿಡಿಯಲಾರೆ. ನನ್ನ ಇಬ್ಬರು ಮಕ್ಕಳಿಗೂ ಅತ್ತೆಯೇ ಎರೆದರು, ನಾನು ಬಾಗಿಲಲ್ಲಿ ನಿಂತು ನೋಡಿದೆ. ಈ ವಿಷಯವನ್ನು ಅವರು ಹದಿನೆಂಟು ವರ್ಷದಲ್ಲಿ ಒಂದು ವಾರವೂ ಮರೆಯಲು ಬಿಟ್ಟಿಲ್ಲ.

ಅವರ ಬಲ ಮೊಣಕಾಲು ನೋಯಲು ಶುರುವಾಗಿ ಆರು ವರ್ಷವಾಗಿತ್ತು. ಓಣಿಯವರೆಲ್ಲ ಡಾಕ್ಟರಾದರು. ಒಬ್ಬರು ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಸಿದರು, ಇನ್ನೊಬ್ಬರು ಹೊಂಗೆ ಎಣ್ಣೆ ತಂದರು, ಮತ್ತೊಬ್ಬರು ಆದವಾನಿಯಿಂದ ಒಂದು ಕಪ್ಪು ಮುಲಾಮು ತರಿಸಿಕೊಟ್ಟರು. ಅದರ ನಾತಕ್ಕೆ ನಮ್ಮ ಮನೆಯ ಬೆಕ್ಕು ಎರಡು ದಿನ ಒಳಗೆ ಬರಲಿಲ್ಲ. ನೋವು ಮಾತ್ರ ಎಲ್ಲಿಗೂ ಹೋಗಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಅತ್ತೆ, "ವಯಸ್ಸಾತು, ನೋಯ್ತೈತಿ. ಅದಕ್ಕೆಂಥಾ ಡಾಕ್ಟ್ರು?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

೧೯೮೬ರ ದೀಪಾವಳಿಯಾದ ಮರುವಾರ ನಮ್ಮ ಓಣಿಯ ಗಿಡ್ಡಮ್ಮನ ಮೊಮ್ಮಗನಿಗೆ ಎರೆದು, ಕೂಸನ್ನು ಎತ್ತಿಕೊಂಡು ಏಳುವಾಗ ಮೊಣಕಾಲು ಥಟ್ಟನೆ ಕುಸಿಯಿತು. ಅತ್ತೆ ಮಣೆಯ ಮೇಲೆ ಧೊಪ್ಪನೆ ಕುಳಿತರು. ಕೂಸು ಮಾತ್ರ ಅವರ ಎರಡೂ ಕೈಯಲ್ಲಿ ಮೇಲೆಯೇ ಇತ್ತು, ಒಂದು ಕೂದಲೂ ಕೊಂಕಲಿಲ್ಲ. ಗಿಡ್ಡಮ್ಮ ನಕ್ಕಳು, ಬಾಣಂತಿ ನಕ್ಕಳು, ನಾನೂ ನಕ್ಕೆ. ಅತ್ತೆ ನಗಲಿಲ್ಲ. ಮನೆಗೆ ಬಂದವರೇ ಗೋಡೆಗೆ ಒರಗಿ ಕುಳಿತು, "ಕೂಸು ಬಿದ್ದಿದ್ರ?" ಎಂದರು. ಬೀಳಲಿಲ್ಲವಲ್ಲ ಎಂದೆ. "ಬಿದ್ದಿದ್ರ?" ಎಂದು ಮತ್ತೆ ಕೇಳಿದರು. ಮರುದಿನ ಗಿಡ್ಡಮ್ಮನ ಮನೆಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ನಾನು ಆ ಮನೆಗೆ ಬಂದ ಮೇಲೆ ಅವರು ಹಾಗೆ ಹೇಳಿ ಕಳಿಸಿದ್ದು ಅದೇ ಮೊದಲು.

ಅವರಿಗೆ ಇನ್ನೊಂದು ಚಿಂತೆಯೂ ಇತ್ತು. ನಮ್ಮ ಎದುರು ಮನೆಯ ಬಡಗಿ ದಾವಲಸಾಬನ ಸೊಸೆ ಜಹೀದಾಗೆ ಆಗ ಆರು ತಿಂಗಳು. ಮದುವೆಯಾಗಿ ಆರು ವರ್ಷಕ್ಕೆ ಬಸುರಾದ ಹುಡುಗಿ, ತಾಯಿ ಇಲ್ಲದವಳು. "ಚೊಚ್ಚಲ ಕೂಸು, ನಾನ ಎರಿತೀನಿ" ಎಂದು ಅತ್ತೆ ಅವಳ ಕೈ ಹಿಡಿದು ಮಾತು ಕೊಟ್ಟಿದ್ದರು. ಆ ಮಾತಿಗಾಗಿಯೇ ಡಾಕ್ಟರ ಹತ್ತಿರ ಬರಲು ಒಪ್ಪಿದರು, ನನ್ನ ಬಲವಂತಕ್ಕಲ್ಲ.

ಬಳ್ಳಾರಿಯಲ್ಲಿ ಎಲುಬಿನ ಡಾಕ್ಟರು ಗವಿಸಿದ್ದಪ್ಪನವರ ದವಾಖಾನೆ ಇದ್ದದ್ದು ಬ್ರೂಸ್‌ಪೇಟೆಯ ಒಂದು ಗಲ್ಲಿಯಲ್ಲಿ, ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಮೊಣಕಾಲು ನೋವಿನವರು ಇಪ್ಪತ್ತೆರಡು ಮೆಟ್ಟಿಲು ಹತ್ತಬೇಕು. ಅತ್ತೆ ಒಂದೊಂದು ಮೆಟ್ಟಿಲಿಗೂ ನಿಂತು ಶಿವ ಶಿವಾ ಎನ್ನುತ್ತ ಹತ್ತಿ, ಡಾಕ್ಟರ ಮುಂದೆ ಕುಳಿತವರೇ, "ಇಷ್ಟು ಮೆಟ್ಲ ಹತ್ತಿ ಬಂದವ್ರ ಕಾಲು ಚಲೋ ಅದಾವಂತ ಹಂಗ ಮನಿಗೆ ಕಳಸ್ತೀರೇನು?" ಎಂದು ಕೇಳಿದರು. ಡಾಕ್ಟರು ಜೋರಾಗಿ ನಕ್ಕರು. ನನಗೆ ಆಗಲೇ ಅವರ ಮೇಲೆ ನಂಬಿಕೆ ಬಂತು.

ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವರು ಹೇಳಿದ್ದು ಇಷ್ಟು. ಎರಡು ಎಲುಬಿನ ನಡುವಿನ ಮೆತ್ತನೆಯ ಭಾಗ ಸವೆದಿದೆ, ಎಲುಬಿಗೆ ಎಲುಬು ತಿಕ್ಕುತ್ತಿದೆ. "ದಾರಿ ನಾಕು ಅದಾವ, ಅಮ್ಮ. ಒಂದು, ಹಿಂಗ ಇರೋದು. ಗುಳಿಗಿ, ಕೋಲು, ಶಾಖ. ಖರ್ಚಿಲ್ಲ, ಆದ್ರ ಕಾಲು ದಿನಾ ಹೆಚ್ಚೆಚ್ಚು ಕುಸೀತೈತಿ. ಎರಡು, ಎಲುಬು ಕೊಯ್ದು ಭಾರ ಸವೀಲಾರದ ಕಡಿಗೆ ಸರ್ಸೋದು. ಅದು ನಲವತ್ತು-ಐವತ್ತರ ಒಳಗಿನವ್ರಿಗೆ, ನಿಮಗಲ್ಲ. ಮೂರು, ಕೀಲು ತೆಗದು ಎರಡೂ ಎಲುಬು ಕೂಡ್ಸಿಬಿಡೋದು. ಇಲ್ಲೇ ಬಳ್ಳಾರ್ಯಾಗ ಮಾಡಬಹುದು, ಭಾಳ ಖರ್ಚಿಲ್ಲ. ನೋವು ಹೋಗ್ತೈತಿ, ಕಾಲು ಗಟ್ಟಿ ಆಗ್ತೈತಿ. ಆದ್ರ ಮತ್ತ ಮಡಚಾಕ ಬರಂಗಿಲ್ಲ, ಕಂಬದಂಗ ನೆಟ್ಟಗ ಇರ್ತೈತಿ."

"ನಾಕನೇದು?" ಎಂದೆ ನಾನು.

"ಹೊಸ ಕೀಲು. ಉಕ್ಕು, ಪ್ಲಾಸ್ಟಿಕ್ಕು. ಹೊರದೇಶದಿಂದ ಬರ್ತೈತಿ, ಮದ್ರಾಸಿಗೆ ಹೋಗಬೇಕು. ಭಾಳ ಖರ್ಚು. ಕಾಲು ಮಡಚತೈತಿ, ಮೆಟ್ಲ ಹತ್ತಬಹುದು, ನಡೀಬಹುದು. ಹತ್ತು-ಹನ್ನೆರಡು ವರ್ಷಕ್ಕ ಅದೂ ಸವೀಬಹುದು. ಕೀವು ಆದ್ರ ತೊಂದ್ರಿ ಐತಿ, ಈ ವಯಸ್ಸಿಗೆ ಮತ್ತಿನ ಔಷಧಿ ಕೊಡೋದ್ರಾಗೂ ಭಯ ಇದ್ದದ್ದೇ. ಇನ್ನೊಂದು. ನೆಲದ ಮ್ಯಾಲ ಕುಂದ್ರೋದು, ಕುಕ್ಕರಗಾಲು ಹಾಕೋದು ಇನ್ನ ಮುಂದ ಬಂದ್."

ನೆಲ ಬಂದ್ ಎಂಬ ಮಾತು ಕೇಳಿದ್ದೇ ಅತ್ತೆಯ ಮುಖ ಇಳಿಯಿತು. ಆಮೇಲೆ ತಟ್ಟನೆ ಮೇಲಕ್ಕೆದ್ದಿತು. "ಹಂಗಾರ ನೆಟ್ಟಗಿರೋದ ಮಾಡ್ರಿ" ಎಂದರು. "ಕೂಸಿಗೆ ಎರಿಯಾಕ ಕಾಲು ನೆಟ್ಟಗ ಬೇಕು. ಮಡಚಿ ಏನು ಮಾಡ್ಲಿ?"

ಡಾಕ್ಟರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ನಾನು ಕೂಸು, ಮಣೆ, ಬಚ್ಚಲು ಎಲ್ಲ ವಿವರಿಸಿದೆ. ಅವರ ಮೂವತ್ತು ವರ್ಷದ ವೃತ್ತಿಯಲ್ಲಿ ನೆಟ್ಟಗಿನ ಕಾಲನ್ನು ಯಾರೂ ತಾವಾಗಿ ಬೇಡಿರಲಿಲ್ಲವಂತೆ. "ಒಮ್ಮಿ ಕೂಡ್ಸಿದ್ರ ಮತ್ತ ಬಿಚ್ಚಾಕ ಬರಂಗಿಲ್ರಿ, ಅಮ್ಮ. ಅವಸರ ಬ್ಯಾಡ. ಕುರುಗೋಡಿನಾಗ ಸುಂಕಣ್ಣ ಅಂತ ಕಲ್ಲು ಕಡಿಯೋನು ಅದಾನ, ಅವಂದು ಇದೇ ಆಪರೇಷನ್ನು. ಹೋಗ್ತಾ ಅವನ್ನ ನೋಡ್ಕೊಂಡು ಹೋಗ್ರಿ" ಎಂದರು.

ಕುರುಗೋಡಿನಲ್ಲಿ ಬಸ್ಸು ಇಳಿದು ಕೇಳಿದರೆ ಸುಂಕಣ್ಣನ ಮನೆಯನ್ನು ಎಲ್ಲರೂ ತೋರಿಸಿದರು. ಅವನು ಅಂಗಳದಲ್ಲಿ ಒಂದು ಬಂಡೆಯ ಮೇಲೆ ಕುಳಿತು ರುಬ್ಬುವ ಕಲ್ಲಿಗೆ ಉಳಿ ಹಾಕುತ್ತಿದ್ದ. ಎಡಗಾಲು ಮುಂದಕ್ಕೆ ಚಾಚಿಕೊಂಡೇ ಇತ್ತು, ಕೋಳಿಗಳು ಅದನ್ನು ದಾಟಿಕೊಂಡು ಹೋಗುತ್ತಿದ್ದವು. ಬಂಡೆ ಬಿದ್ದು ಮೊಣಕಾಲು ಪುಡಿಯಾಗಿ, ಎಲುಬು ಕೂಡಿಸಿ ಎಂಟು ವರ್ಷವಾಗಿತ್ತು. ನಗುಮುಖದ ಮನುಷ್ಯ. "ನೋವಾ? ಏಮೀ ಲೇದು, ಏನೂ ಇಲ್ಲ!" ಎಂದು ಉಳಿಯ ಹಿಡಿಯಿಂದ ಕಾಲಿಗೆ ಟಕ್ಕೆಂದು ಬಡಿದು ತೋರಿಸಿದ. "ಟಾಕೀಸಿನಾಗ ಮಾತ್ರ ಸಾಲಿನ ಕಟ್ಟಕಡೀ ಕುರ್ಚಿ ಬೇಕು. ಬಸ್ಸಿನಾಗ ನನ್ನ ಕಾಲಿಗೂ ಒಂದು ಟಿಕೇಟು ತಗೋ ಅಂತಾನ ಕಂಡಕ್ಟ್ರು."

ಅತ್ತೆಗೆ ಅವನ ಕಾಲು ಬಹಳ ಹಿಡಿಸಿತು. ಅದರ ಪಕ್ಕದಲ್ಲಿ ತಮ್ಮ ಕಾಲನ್ನೂ ಚಾಚಿ ಉದ್ದ ನೋಡಿಕೊಂಡರು. ನಾನು ನೀರು ಕುಡಿಯಲು ಒಳಗೆ ಹೋದಾಗ ಸುಂಕಣ್ಣನ ಹೆಂಡತಿ ನನ್ನ ಕಿವಿಯ ಹತ್ತಿರ ಬಂದು, "ಅವ ಹಂಗ ಅಂತಾನ್ರಿ. ನೆಲಕ್ಕ ಕುಂತ್ರ ಎಬ್ಬಸಾಕ ಇಬ್ರು ಬೇಕು. ಅದಕ್ಕ ಆ ಬಂಡೆಗಲ್ಲಿನ ಮ್ಯಾಲಿಂದ ಇಳಿಯಂಗಿಲ್ಲ" ಎಂದಳು. ಇದನ್ನು ನಾನು ಬಸ್ಸಿನಲ್ಲಿ ಅತ್ತೆಗೆ ಹೇಳಿದೆ. "ಆಕಿಗೆ ಗಂಡನ್ನ ಕಂಡ್ರ ಆಗಂಗಿಲ್ಲ, ಮಾರಿ ನೋಡಿದ್ರ ಗೊತ್ತಾಗ್ತೈತಿ" ಎಂದು ಕಿಟಕಿಯ ಕಡೆ ತಿರುಗಿದರು.

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿಯೇ ನನಗೆ ಒಳ್ಳೆಯ ಉಪಾಯಗಳು ಹೊಳೆಯುತ್ತವೆ. ಮನೆ ಮುಟ್ಟಿದ ಮೇಲೆ ಹೇಳಿದೆ: "ಅತ್ತಿ, ಆಪರೇಷನ್ನಿಗಿಂತ ಮೊದಲ ಆ ಕಾಲಿನ ಜೊತಿ ಒಂದು ವಾರ ಬಾಳೇವು ಮಾಡಿ ನೋಡ್ರಿ. ದಾವಲಸಾಬ ಎರಡು ಪಟ್ಟಿ ಕಟ್ಟಿ ಕಾಲು ನೆಟ್ಟಗ ಮಾಡಿಕೊಡ್ತಾನ. ಹಿಡಿಸಿದ್ರ ನಾನ ನಿಮ್ಮನ್ನ ಬಳ್ಳಾರಿಗೆ ಕರ್ಕೊಂಡು ಹೋಗ್ತೀನಿ." ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ನನ್ನ ಗಂಡ ಕೊಟ್ಟೂರಪ್ಪ, "ಅವ್ವ ಹೇಳೋದೂ ಖರೆ ಐತಿ, ನೀ ಹೇಳೋದೂ ಖರೆ ಐತಿ" ಎಂದರು. ಅವರು ಹುಟ್ಟಿದಾಗಿನಿಂದ ಹೇಳುತ್ತ ಬಂದಿರುವುದು ಇದೊಂದೇ ಮಾತು.

ಸಂಕ್ರಾಂತಿಗೆ ಮೂರು ದಿನ ಮುಂಚೆ ದಾವಲಸಾಬ ಎರಡು ತೇಗದ ಪಟ್ಟಿಗಳನ್ನು ನುಣ್ಣಗೆ ಉಜ್ಜಿ, ಒಳಗೆ ಹತ್ತಿ ಇಟ್ಟು ಅತ್ತೆಯ ಬಲಗಾಲಿಗೆ ಕಟ್ಟಿದ. ನಡೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಾಲನ್ನು ಅರ್ಧಚಕ್ರ ತಿರುಗಿಸುತ್ತ ಅಂಗಳವೆಲ್ಲ ಓಡಾಡಿದರು, ನನ್ನ ಎರಡು ಕೊಡ ಕೆಡವಿದರು. ಮೊಣಕಾಲು ಅಲುಗದ್ದರಿಂದ ನೋವೂ ಕಡಿಮೆ ಇತ್ತು. "ನೋಡಿದ್ಯಾ?" ಎಂದು ನನ್ನನ್ನು ಗೆದ್ದಂತೆ ನೋಡಿದರು. ಎರೆಯುವ ಪರೀಕ್ಷೆಗೆ ಕೂಸು ಇರಲಿಲ್ಲವಾದ್ದರಿಂದ ಒಂದು ಬೂದುಗುಂಬಳಕಾಯಿಗೆ ಎಣ್ಣೆ ಹಚ್ಚಿ ಕೊಟ್ಟೆ. ಬಚ್ಚಲಲ್ಲಿ ನಾನು ಹಿಡಿದು ಕೂಡಿಸಿದ ಮೇಲೆ, ಎರಡೂ ಕಾಲು ಚಾಚಿ, ಆ ಕುಂಬಳಕಾಯಿಗೆ ತಲೆಯಿಂದ ಬುಡದವರೆಗೆ ಚಂದವಾಗಿ ನೀರು ಎರೆದರು.

ತೊಂದರೆ ಬಂದದ್ದು ಏಳುವಾಗ. ಕಾಯಿಯನ್ನು ಎತ್ತಿಕೊಂಡು ಏಳಬೇಕು. ಒಂದು ಕಾಲು ಮಡಚಲಾರದು, ಇನ್ನೊಂದಕ್ಕೆ ಒಂಟಿಯಾಗಿ ಭಾರ ಎತ್ತುವ ಶಕ್ತಿ ಇಲ್ಲ. ಒಮ್ಮೆ ಎಡಕ್ಕೆ ವಾಲಿದರು, ಒಮ್ಮೆ ಬಲಕ್ಕೆ ವಾಲಿದರು, ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟರು. ಕೊನೆಗೆ ನಾನು, ನನ್ನ ಗಂಡ, ಅಂಗಳದಲ್ಲಿದ್ದ ದಾವಲಸಾಬ ಮೂವರೂ ಸೇರಿ ಎಬ್ಬಿಸಿದೆವು. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಎಬ್ಬಿಸಿದೆವು. ಮೂರನೆಯ ಸಲ ಯಾರೂ ಮುಟ್ಟಬಾರದೆಂದು ತಾಕೀತು ಮಾಡಿ, ಗೋಡೆ ಹಿಡಿಯಲು ಕೈ ಬೇಕಾಗಿ, ಕಾಯಿಯನ್ನು ಒಂದು ಗಳಿಗೆ ಕೆಳಗಿಟ್ಟರು. ಅದು ಒದ್ದೆ ಹಾಸುಗಲ್ಲಿನ ಮೇಲೆ ಉರುಳಿಕೊಂಡು ಹೋಗಿ ಬಚ್ಚಲ ಮೋರಿಗೆ ಬಡಿದು ನಿಂತಿತು.

ಅತ್ತೆ ಅದನ್ನೇ ನೋಡುತ್ತ ಕುಳಿತರು. ನನ್ನ ಗಂಡನಿಗೆ ನಗು ತಡೆಯಲಾಗಲಿಲ್ಲ, ನಾನು ಕಣ್ಣು ಬಿಟ್ಟ ಮೇಲೆ ಸುಮ್ಮನಾದರು. "ಈ ಪಟ್ಟಿ ಬಿಚ್ಚಿ ಒಗೀರಿ" ಎಂದರು ಅತ್ತೆ, ಬಹಳ ಮೆತ್ತಗೆ. ಅಂದು ರಾತ್ರಿ ಕುಂಬಳಕಾಯಿ ಹುಳಿ ಮಾಡಿದೆ. ಅವರು ತಿನ್ನಲಿಲ್ಲ.

ಎರಡು ದಿನ ಬಿಟ್ಟು ನಾಲ್ಕನೆಯ ದಾರಿಯ ಪರೀಕ್ಷೆ ಶುರುವಾಯಿತು. ಹೊಸ ಕೀಲು ಹಾಕಿಸಿಕೊಂಡವರ ಹಾಗೆ ಒಂದು ವಾರ ನೆಲ ಮುಟ್ಟದೆ ಇರುವುದು. ಇದರಲ್ಲಿ ಮೊದಲ ಸಮಸ್ಯೆ ಹಿತ್ತಲಿನದು. ದಾವಲಸಾಬ ಒಂದು ಹಳೆಯ ಕುರ್ಚಿಯ ನಡುವೆ ದುಂಡಗೆ ಕೊರೆದು, ಅಂಚು ನುಣ್ಣಗೆ ಮಾಡಿ, ಹಿತ್ತಲಲ್ಲಿ ಕೂಡಿಸಿದ. ಅತ್ತೆ ಮೂರು ದಿನ ಅದಕ್ಕೆ ಶಾಪ ಹಾಕಿದರು. ನನ್ನ ಗಂಡ ಮಾತ್ರ ಬೆಳಿಗ್ಗೆ ಪೇಪರು ಹಿಡಿದು ಹೋದವರು ಬೇಗ ಹೊರಗೆ ಬರುತ್ತಿರಲಿಲ್ಲ.

ಪೂಜೆಗೆ ಏನು ಮಾಡುತ್ತಾರೋ ಎಂದು ನನಗೆ ಅಳುಕಿತ್ತು. "ಲಿಂಗ ಇರೋದು ಅಂಗೈ ಮ್ಯಾಲ, ನೆಲದ ಮ್ಯಾಲ ಅಲ್ಲ" ಎಂದು ಕುರ್ಚಿಯ ಮೇಲೆಯೇ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿದರು. ಊಟ ಕುರ್ಚಿಯ ಮೇಲೆ, ಎಲೆ-ಅಡಿಕೆ ಕುರ್ಚಿಯ ಮೇಲೆ, ಅಕ್ಕಿ ಆರಿಸುವುದೂ ಕುರ್ಚಿಯ ಮೇಲೆ. ಅಷ್ಟು ಎತ್ತರದಿಂದ ಅವರಿಗೆ ನನ್ನ ಅಡುಗೆಮನೆಯ ಗೂಡುಗಳಲ್ಲಿನ ಧೂಳು ಕಂಡಿತು, ಡಬ್ಬಿಯ ಹಿಂದೆ ನಾನು ಬಚ್ಚಿಟ್ಟಿದ್ದ ಬೆಂಗಳೂರಿನ ಬಿಸ್ಕೀಟು ಕಂಡಿತು. ಹದಿನೆಂಟು ವರ್ಷ ನೆಲದ ಮೇಲೆ ಕುಳಿತು ನೋಡದ್ದನ್ನೆಲ್ಲ ಒಂದು ವಾರದಲ್ಲಿ ನೋಡಿಬಿಟ್ಟರು. ನನಗೆ ಈ ಹೊಸ ಕೀಲಿನ ಮೇಲೆ ಪ್ರೀತಿ ಕಡಿಮೆಯಾಗುತ್ತ ಬಂತು.

ಆದರೂ ಎರೆಯುವ ಲೆಕ್ಕ ಮಾತ್ರ ಕೂಡಿಬರಲಿಲ್ಲ. ಮಡಚುವ ಕಾಲಿನಿಂದ ಬೀದಿಯ ತುಂಬ ನಡೆಯಬಹುದು, ನೆಲಕ್ಕೆ ಕೂರುವಂತಿಲ್ಲ. ನೆಟ್ಟಗಿನ ಕಾಲಿನಿಂದ ನೆಲಕ್ಕೆ ಕೂರಬಹುದು, ಏಳುವಂತಿಲ್ಲ. ಈಗಿರುವ ಕಾಲು ಎರಡನ್ನೂ ಮಾಡುತ್ತದೆ, ಯಾವಾಗ ಕುಸಿಯುತ್ತದೋ ಹೇಳುವುದಿಲ್ಲ. ಹೇಗೆ ತೂಗಿದರೂ ಕೂಸು ಒಂದು ಕಡೆ ಜಾರುತ್ತಿತ್ತು. "ಇನ್ನ ಸಾಕು ಬಿಡು, ಶಿವಬಸಮ್ಮ. ನನ್ನ ಕೈಲೆ ಆದಷ್ಟು ಕೂಸಿಗೆ ಎರದೀನಿ" ಎಂದರು ಒಂದು ಸಂಜೆ. ಆ ಮಾತು ನನಗೆ ಕೇಳಲಾಗಲಿಲ್ಲ. ಎಲ್ಲದಕ್ಕೂ ನನ್ನನ್ನು ಬೈಯುವ ಅತ್ತೆಯೇ ನನಗೆ ಬೇಕಾಗಿದ್ದರು.

ಕುರ್ಚಿ ವಾರದ ಆರನೆಯ ದಿನ ಜಹೀದಾ ಹೆಣ್ಣು ಕೂಸನ್ನು ಹೆತ್ತಳು, ದಿನ ತುಂಬುವುದಕ್ಕೆ ಎರಡು ವಾರ ಮೊದಲೇ. ಕೂಸು ಸಣ್ಣದು, ಆದರೆ ಗಂಟಲು ದೊಡ್ಡದು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಜಹೀದಾಳ ಗಂಡ ಜಿಲಾನಿ ಬಂದು ಬಾಗಿಲಲ್ಲಿ ನಿಂತ. "ನೀರು ಕಾದೈತಿ, ಅಮ್ಮಾ" ಎಂದ. ಅತ್ತೆ ಕೋಲು ಹಿಡಿದು ಎದ್ದರು.

ದಾವಲಸಾಬನ ಮನೆಯ ಬಚ್ಚಲಲ್ಲಿ ಹೊಸ ಮಣೆ ಹಾಕಿದ್ದರು. ಅತ್ತೆ ಅದರ ಮುಂದೆ ನಿಂತರು, ಕೂರಲಿಲ್ಲ. "ನನ್ನ ಕಾಲಿನ ಭರವಸಿ ನನಗಿಲ್ಲ, ತಂಗೀ" ಎಂದು ಜಹೀದಾಗೆ ಹೇಳಿ, ನನ್ನ ಕಡೆ ತಿರುಗಿ, "ನೀ ಕುಂದ್ರು, ನಾ ಹೇಳಿಕೊಡ್ತೀನಿ" ಎಂದರು. ಕುಳಿತೆ. ಕಾಲು ಚಾಚಿದೆ. ಎಣ್ಣೆ ಹಚ್ಚುತ್ತಿದ್ದಂತೆ ಕೂಸು ನನ್ನ ಕಾಲುಗಳ ನಡುವೆ ಇಳಿಯಿತು. "ಹಿಡೀ! ಕುತ್ತಿಗಿ! ಕುತ್ತಿಗಿ ಹಿಡೀ! ಅದು ಸ್ಲೇಟಲ್ಲ, ಕೂಸು!" ಎಂದು ಅತ್ತೆ ಕೂಗಿದರು. ಕೂಸು ಅವರಿಗಿಂತ ಜೋರಾಗಿ ಕೂಗಿತು. ನಾನೂ ಅಳುವುದೊಂದು ಬಾಕಿ ಇತ್ತು.

ಆಗ ಅತ್ತೆಯ ಕಣ್ಣು ಅಂಗಳದಲ್ಲಿದ್ದ ದಾವಲಸಾಬನ ಕೆಲಸದ ಬೆಂಚಿನ ಮೇಲೆ ಬಿತ್ತು. ಆಳುದ್ದದ ದಪ್ಪ ಹಲಗೆ, ಮೊಣಕಾಲೆತ್ತರ, ಅಲುಗಾಡದ ಕಾಲುಗಳು. ಅದನ್ನು ಒಂದು ಗಳಿಗೆ ನೋಡಿದರು. "ದಾವಲಾ, ಅದನ್ನ ಗೋಡಿಗೆ ಹಚ್ಚು" ಎಂದರು.

"ಅದರಾಗ ಮೊಳಿ ಅದಾವ ಅಮ್ಮಾ, ಹೊಟ್ಟು ಐತಿ."

"ಮೊಳಿ ಕೀಳು. ಕೌದಿ ಹಾಸು. ಜಲ್ದಿ, ಕೂಸು ತಣ್ಣಗಾಗ್ತೈತಿ!"

ಐದು ನಿಮಿಷದಲ್ಲಿ ಬೆಂಚು ಬಿಸಿಲು ಬಿದ್ದ ಗೋಡೆಗೆ ಹತ್ತಿತು. ಅತ್ತೆ ಅದರ ತುದಿಯಲ್ಲಿ ಕುರ್ಚಿಯಲ್ಲಿ ಕೂರುವಂತೆ ಕುಳಿತು, ಬೆನ್ನನ್ನು ಗೋಡೆಗೆ ಕೊಟ್ಟು, ಒಂದೊಂದೇ ಕಾಲನ್ನು ಎತ್ತಿ ಹಲಗೆಯ ಉದ್ದಕ್ಕೆ ಚಾಚಿದರು. ಕೂಸನ್ನು ತೆಗೆದುಕೊಂಡರು. ಅವರ ಕೈ ತಾಗಿದ್ದೇ ಅದು ಅಳು ನಿಲ್ಲಿಸಿ ಬಾಯಿ ತೆರೆದುಕೊಂಡು ನೋಡಿತು. ನೀರು ಹಲಗೆಯ ಎರಡೂ ಕಡೆ ಇಳಿದು ಮರದ ಹೊಟ್ಟನ್ನು ತೇಲಿಸಿಕೊಂಡು ಅಂಗಳಕ್ಕೆ ಹರಿಯಿತು. ಸುತ್ತಿ ಮುಗಿಸಿದ ಮೇಲೆ ಅತ್ತೆ ಕೂಸನ್ನು ಎದೆಗೆ ಒತ್ತಿಕೊಂಡು, ಕಾಲುಗಳನ್ನು ಹಲಗೆಯಿಂದ ಕೆಳಗೆ ಇಳಿಸಿ, ನೆಟ್ಟಗೆ ಎದ್ದು ನಿಂತರು. ಯಾರನ್ನೂ ಹಿಡಿಯಿರಿ ಎನ್ನಲಿಲ್ಲ. ನಾವು ಅಷ್ಟೂ ಜನ ಕೈ ಚಾಚಿಕೊಂಡು ಸುಮ್ಮನೆ ನಿಂತಿದ್ದೆವು.

ಅಂದಿನಿಂದ ಆ ಬೆಂಚು ದಾವಲಸಾಬನ ಕೈ ಬಿಟ್ಟುಹೋಯಿತು. ಪಾಪ, ಅವನು ಬೇರೆ ಮಾಡಿಕೊಂಡ.

ಈಗ ನಾನು ಇನ್ನೊಂದು ರಾಗ ತೆಗೆದೆ. ಬೆಂಚು ಇದೆಯಲ್ಲ, ಆಪರೇಷನ್ ಯಾಕೆ, ಮೊದಲನೆಯ ದಾರಿಯಲ್ಲೇ ಇದ್ದುಬಿಡಿ ಎಂದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಅರವತ್ತೇಳು ವರ್ಷದ ಅತ್ತೆಯನ್ನು ಮದ್ರಾಸಿಗೆ ಕರೆದುಕೊಂಡು ಹೋಗಿ ಬರಿಗೈಯಲ್ಲಿ ಬಂದರೆ ಏನು ಗತಿ? ಅತ್ತೆ ಶಾಂತವಾಗಿ ಕೇಳಿ, "ಬೆಂಚಿನ ತನಕ ನಡ್ಕೊಂಡು ಹೋಗಾಕ ಕಾಲು ಬೇಕಲ್ಲವಾ? ಕೂಸನ್ನ ಎತ್ತಿಕೊಂಡು ನಾಕು ಹೆಜ್ಜಿ ಇಡಾಕ ಬೇಕಲ್ಲ?" ಎಂದರು. ಮೊನ್ನೆ ಎದ್ದು ನಿಂತಾಗಲೇ ಮೊಣಕಾಲು ಒಮ್ಮೆ ನಡುಗಿತಂತೆ, ನಮಗೆ ಹೇಳಿರಲಿಲ್ಲ. "ನೆಲ ಬಿಡಬೇಕು ಅನ್ನೋದೊಂದ ಇತ್ತು, ಅದು ಬಿಟ್ಟಾತು. ಹನ್ನೆರಡು ವರ್ಷ ಬಾಳಕಿ ಬಂದ್ರ ನನಗ ಎಪ್ಪತ್ತೊಂಬತ್ತು. ಆಮ್ಯಾಲ ಯಾರರ ಎರೀಲಿ. ಹೆದರಿಕಿ ನನಗೂ ಐತಿ, ನಿನಗೊಬ್ಬಾಕಿಗೇನಲ್ಲ."

ಅವರು ಹೆದರಿಕೆ ಎಂಬ ಮಾತನ್ನು ತಮ್ಮ ಬಗ್ಗೆ ಆಡಿದ್ದನ್ನು ನಾನು ಕೇಳಿದ್ದು ಆಗಲೇ. ಖರ್ಚಿನ ಮಾತು ಒಂದೇ ಸಂಜೆಯಲ್ಲಿ ಮುಗಿಯಿತು. ನನ್ನ ಗಂಡ ನಾಲ್ಕು ವರ್ಷದಿಂದ ಸ್ಕೂಟರಿಗೆಂದು ಕೂಡಿಟ್ಟದ್ದು, ನನ್ನ ಚಿನ್ನದ ಪಾಟಲಿ ಬಳೆ, ಗದ್ದೆಯ ಆ ವರ್ಷದ ಭತ್ತ, ಎಲ್ಲ ಸೇರಿ ಒಂದು ಮೊಣಕಾಲಾಯಿತು. "ಅವ್ವ ನಡದ್ರ ನಾನೂ ನಡೀತೀನಿ" ಎಂದರು ನನ್ನ ಗಂಡ. ಎಲ್ಲರೂ ಹೇಳುವುದು ಖರೆ ಎನ್ನುವುದನ್ನು ಬಿಟ್ಟು ಅವರು ಆಡಿದ ಬೇರೆ ಮಾತು ಅದೊಂದೇ ಇರಬೇಕು.

ಏಪ್ರಿಲ್ ರಜೆಯಲ್ಲಿ ಗುಂತಕಲ್ಲಿನಲ್ಲಿ ರೈಲು ಹತ್ತಿ ಮದ್ರಾಸಿಗೆ ಹೋದೆವು. ಆಪರೇಷನ್ ಮೂರು ಗಂಟೆ ಹಿಡಿಯಿತು. ನಾನು ಆ ಮೂರು ಗಂಟೆ ಹೊರಗಿನ ಬೆಂಚಿನ ಮೇಲೆ ಕುಳಿತು, ಅತ್ತೆಯ ಜೊತೆ ಮುಂದೆಂದೂ ಜಗಳ ಆಡುವುದಿಲ್ಲ ಎಂದು ಹರಕೆ ಹೊತ್ತೆ. ನಾಲ್ಕನೆಯ ದಿನ ಆ ಹರಕೆ ಮುರಿಯಿತು. ಕಾಲು ಮಡಚಿಸಲು ಬರುತ್ತಿದ್ದ ತಮಿಳು ಹುಡುಗಿಗೆ ಅತ್ತೆ ತೆಲುಗಿನಲ್ಲಿ ಬೈದರು, ಅವಳಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು, ನಾನು ನಡುವೆ ಹೋಗಿ ಇಬ್ಬರಿಂದಲೂ ಬೈಸಿಕೊಂಡೆ. ಆದರೆ ಮೂರು ವಾರದಲ್ಲಿ ಕಾಲು ಕುರ್ಚಿಯ ಅಂಚಿಗೆ ಸರಿಯಾಗಿ ಮಡಚಿತು. ಮೇ ಕೊನೆಗೆ ಅತ್ತೆ ಸಿರುಗುಪ್ಪದ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ, ಕೋಲು ಹಿಡಿದು, ದಾರಿಯುದ್ದಕ್ಕೂ ಎಲ್ಲರನ್ನೂ ಮಾತಾಡಿಸುತ್ತ ನಡೆದುಬಂದರು.

ಜೂನ್ ಮುಗಿಯುವಷ್ಟರಲ್ಲಿ ಕೋಲೂ ಹೋಯಿತು. ನೋವು ಇಲ್ಲ, ಕುಸಿಯುವುದಿಲ್ಲ. ಕೂಸಿಗೆ ಎರೆಯಲು ಮಾತ್ರ ಹೋಗಲಿಲ್ಲ. ಕರೆದವರಿಗೆಲ್ಲ ನಾಳೆ, ನಾಡಿದ್ದು ಎಂದರು. ನಾನು ಒತ್ತಾಯ ಮಾಡಿ ಕೇಳಿದ ಮೇಲೆ ಸೀರೆ ಸರಿಸಿ, ಹೊಲಿಗೆಯ ಗೆರೆಯ ಪಕ್ಕಕ್ಕೆ, ಮೊಣಕಾಲಿನ ಹೊರಮಗ್ಗುಲಿಂದ ಕೆಳಗೆ ಒಂದು ಅಂಗೈಯಗಲದ ಜಾಗ ತೋರಿಸಿದರು. "ಇಲ್ಲಿ ನನಗ ಏನೂ ಗೊತ್ತಾಗಂಗಿಲ್ಲ. ಚಿವುಟಿದ್ರೂ ಇಲ್ಲ, ಸುಟ್ರೂ ಇಲ್ಲ." ಅತ್ತೆ ಯಾವಾಗಲೂ ಮೊದಲ ಚಂಬು ನೀರನ್ನು ತಮ್ಮ ಕಾಲ ಮೇಲೆ ಹೊಯ್ದುಕೊಂಡು, ಅದರ ಬಿಸಿ ನೋಡಿಯೇ ಕೂಸಿಗೆ ಹೊಯ್ಯುತ್ತಿದ್ದರು. ಕೈ ಒಲೆಯ ಮುಂದೆ ಕಾದು ಗಟ್ಟಿಯಾಗಿರುತ್ತದೆ, ಅದನ್ನು ನಂಬುವಂತಿಲ್ಲ ಎನ್ನುವುದು ಅವರ ಲೆಕ್ಕ. ಅದೂ ಅಲ್ಲದೆ ಕೂಸು ಮಲಗುವುದು ಅಲ್ಲೇ. "ಜೋಮು ಹಿಡದ ಜಾಗದ ಮ್ಯಾಲ ಮಂದಿ ಮಕ್ಕಳನ್ನ ಹೆಂಗ ಮಲಗಸ್ಲಿ?"

ಬಳ್ಳಾರಿಗೆ ಹೋಗಿ ಅದೇ ಇಪ್ಪತ್ತೆರಡು ಮೆಟ್ಟಿಲನ್ನು ನಿಲ್ಲದೆ ಹತ್ತಿ ಡಾಕ್ಟರನ್ನು ಕೇಳಿದೆವು. ಕೊಯ್ಯುವಾಗ ಚರ್ಮದ ಸಣ್ಣ ನರಗಳು ತುಂಡಾಗಿರುತ್ತವೆ, ಕೆಲವರಿಗೆ ತಿಂಗಳುಗಳ ಮೇಲೆ ನಿಧಾನವಾಗಿ ತಿಳಿವು ಬರುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ ಎಂದರು. "ಇದನ್ನ ಮೊದಲ ಯಾಕ ಹೇಳ್ಲಿಲ್ರಿ?" ಎಂದು ನಾನು ಜೋರು ಮಾಡಿದೆ. ಅವರು ತಲೆ ಕೆರೆದುಕೊಂಡರು. "ಯಾರೂ ಅಲ್ಲಿ ಕೂಸು ಮಲಗಸ್ತೀನಿ ಅಂದಿರಲಿಲ್ಲಮ್ಮ" ಎಂದರು. ನಾವು ಇಷ್ಟು ತಿಂಗಳು ತೂಗಿ ನೋಡಿದ್ದರಲ್ಲಿ ಇದೊಂದು ಇರಲೇ ಇಲ್ಲ. ಬಸ್ಸಿನಲ್ಲಿ ಅತ್ತೆ ನನಗೆ ಸಮಾಧಾನ ಹೇಳಿದರು, ನಾನು ಅವರಿಗೆ ಹೇಳಬೇಕಾಗಿತ್ತು.

ಆಗಸ್ಟ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ಜಹೀದಾ ಬೆಂಚನ್ನು ಗಂಡ, ಮಾವನಿಂದ ಹೊರಿಸಿಕೊಂಡು ನಮ್ಮ ಅಂಗಳಕ್ಕೇ ಬಂದಳು. ಕಂಕುಳಲ್ಲಿ ಆರೂವರೆ ತಿಂಗಳ ಕೂಸು, ಈಗ ಗುಂಡಗೆ ಬೆಳೆದಿತ್ತು. "ಅಮ್ಮಾ, ಇನ್ನ ನಾ ಯಾರ ಮಾತೂ ಕೇಳಂಗಿಲ್ಲ" ಎಂದಳು. "ನಾನ ಎರದ್ರ ಈಕಿ ಓಣಿ ಕೂಡಸ್ತಾಳ. ನೀರಿನ ಬಿಸಿ ನಾ ನೋಡ್ತೀನಿ, ಶಿವಬಸಮ್ಮಕ್ಕ ನೋಡ್ತಾಳ, ಬೇಕಾದ್ರ ನಮ್ಮ ಮಾವ ನೋಡ್ತಾನ. ನೀವು ಕುಂದರ್ರಿ ಅಷ್ಟ." ಅತ್ತೆ ಬೇಡ ಬೇಡ ಎನ್ನುತ್ತಲೇ ಬೆಂಚಿನ ಮೇಲೆ ಕುಳಿತರು, ಕಾಲು ಚಾಚಿದರು. ಜಹೀದಾ ಬಟ್ಟೆ ಬಿಚ್ಚಿ ಕೂಸನ್ನು ಅವರ ಕಾಲ ಮೇಲೆ ಮಲಗಿಸಿಬಿಟ್ಟಳು. ಅತ್ತೆ ಎಣ್ಣೆ ಹಚ್ಚತೊಡಗಿದರು. ಕೂಸು ಅವರ ಮುಖ ನೋಡಿ ನಕ್ಕು, ಕಾಲು ಝಾಡಿಸಿ, ಧಾರಾಳವಾಗಿ ಉಚ್ಚೆ ಹೊಯ್ದಿತು. ಹೊಲಿಗೆಯ ಗೆರೆಯ ಮೇಲೆ, ಅದರ ಪಕ್ಕದ ಆ ಅಂಗೈಯಗಲದ ಜಾಗದ ಮೇಲೆ.

"ತಪ್ಪಾತು ಅಮ್ಮಾ!" ಎಂದು ಜಹೀದಾ ಎತ್ತಿಕೊಳ್ಳಲು ಹೋದಳು.

"ತಡೀ, ಮುಟ್ಟಬ್ಯಾಡ" ಎಂದರು ಅತ್ತೆ. ಉಸಿರು ಹಿಡಿದು ಕುಳಿತಿದ್ದರು. "ಬೆಚ್ಚಗೈತಿ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಎಲ್ಲಿ?" ಎಂದೆ.

"ಇಲ್ಲೇ. ಮಂದ ಐತಿ, ಆದ್ರ ಬೆಚ್ಚಗೈತಿ." ಅವರ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ತುಂಬ ಎಣ್ಣೆ. ನಾನೇ ಸೆರಗಿನಿಂದ ಒರೆಸಿದೆ. ನನಗೂ ಅಳು ಬಂದಿತ್ತು, ಕೂಸೊಂದೇ ನಗುತ್ತಿತ್ತು. ಹಂಡೆಯಿಂದ ನೀರು ತೋಡಿ, ಬೆರಸಿ, ನನ್ನ ಕೈಯಿಂದ ಎರಡು ಸಲ ನೋಡಿ ಸರಿಯಾಗಿದೆ ಎಂದುಕೊಂಡು ಚಂಬು ಕೊಟ್ಟೆ. ಅತ್ತೆ ಅದನ್ನು ಮೊಣಕಾಲ ಹೊರಮಗ್ಗುಲಿಗೆ ಸಣ್ಣಗೆ ಹೊಯ್ದುಕೊಂಡು, ಕಣ್ಣು ಮುಚ್ಚಿ ನೋಡಿದರು.

"ಇಷ್ಟು ಬಿಸಿ ಹೊಯ್ತಾರೇನು, ಕೂಸಿಗೆ?" ಎಂದು ನನ್ನನ್ನು ಗದರಿಸಿದರು. "ಇನ್ನೊಂದು ಚಂಬು ತಣ್ಣೀರು ಹಾಕು."